ಕಟ್ಟಿದವರೂ ಕಾಯ್ದವರೂ: ಹರಿಹರ, ಸಂತೇಬೆನ್ನೂರುಗಳ ಹಳೆಯ ಕಟ್ಟಡಗಳು



ದತ್ತಿಯೆಂಬುದು ನಮ್ಮ ನಾಡಿನ ಬಹು ಪ್ರಾಚೀನವಾದ ಸಂಪ್ರದಾಯ. ಕೊಡುವವನು ಒಮ್ಮೆ ಕೊಟ್ಟು ಕೃತಾರ್ಥನಾಗುತ್ತಾನೆ; ಅದನ್ನು ನಡೆಸಿಕೊಂಡು ಬರುವವರಾದರೋ ವರ್ಷವರ್ಷವೂ ಅದರ ಭಾರವನ್ನು ಹೊರಬೇಕಾಗುತ್ತದೆ. ನಮ್ಮ ಪೂರ್ವಿಕರು ಈ ಸಂಗತಿಯನ್ನು ಚೆನ್ನಾಗಿ ಅರಿತಿದ್ದರು. ದಾನಶಾಸನಗಳ ಕೊನೆಯಲ್ಲಿ ಪದೇ ಪದೇ ಬರುವ ಒಂದು ಮಾತಿನ ತಾತ್ಪರ್ಯವಿಷ್ಟು: ತಾನು ದಾನ ಮಾಡುವುದು, ಪರರು ಮಾಡಿದ ದಾನವನ್ನು ಪಾಲಿಸುವುದು, ಇವೆರಡರಲ್ಲಿ ಪಾಲನೆಯೇ ಮೇಲು, ದಾನಿಗೆ ದೊರೆಯುವುದು ಸ್ವರ್ಗ, ಪಾಲಕನಿಗೆ ದೊರೆಯುವುದು ಅದಕ್ಕಿಂತಲೂ ಹಿರಿದಾದ, ಚ್ಯುತಿಯಿಲ್ಲದ ಪದವಿ. ಶಾಸನಗಳನ್ನು ಓದುವವರು ರಾಜನ ಬಿರುದಾವಳಿಯ ಮೇಲೂ ದಾನದ ವಿವರದ ಮೇಲೂ ದೃಷ್ಟಿಯಿಟ್ಟು, ಈ ಕಡೆಯ ಪಂಕ್ತಿಗಳನ್ನು ಕೇವಲ ವಾಡಿಕೆಯ ಮಾತೆಂದು ದಾಟಿಬಿಡುವುದುಂಟು. ನಾನು ಇಂದು ಆ ದಾಟಿಹೋದ ಪಂಕ್ತಿಗಳ ಕಡೆಯಿಂದಲೇ ನಮ್ಮ ಸುತ್ತಲಿನ ಎರಡು ಊರುಗಳನ್ನು ನೋಡಬೇಕೆಂದಿದ್ದೇನೆ: ಒಂದು, ದಾವಣಗೆರೆಯಿಂದ 14 ಕಿಲೋಮೀಟರ್ ದೂರದ, ತುಂಗಭದ್ರೆಯ ಬಲದಂಡೆಯ ಹರಿಹರ, ಇನ್ನೊಂದು, ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯು ಹುಟ್ಟುವವರೆಗೆ ಮೊದಲನೆಯದು ಚಿತ್ರದುರ್ಗ ಜಿಲ್ಲೆಗೂ ಎರಡನೆಯದು ಶಿವಮೊಗ್ಗ ಜಿಲ್ಲೆಗೂ ಸೇರಿದ್ದುದರಿಂದ ಇವೆರಡನ್ನೂ ಜೊತೆಗಿಟ್ಟು ನೋಡುವ ಅಭ್ಯಾಸ ನಮ್ಮಲ್ಲಿ ಬೆಳೆಯಲಿಲ್ಲ. ಆದರೆ ಆಡಳಿತದ ಗಡಿಗಳನ್ನು ಲಕ್ಷಿಸದೆ ಇವನ್ನು ಬೆಸೆದಿರುವ ಸಂಬಂಧಗಳು ಎರಡುಂಟು. ಸಂತೇಬೆನ್ನೂರಿನಲ್ಲಿ ಕೊಳವನ್ನು ಕಟ್ಟಿಸಿದ ನಾಯಕರ ಮನೆತನಕ್ಕೇ ಹರಿಹರದ ಕೋಟೆಯನ್ನು ಕಟ್ಟಿಸಿದ ಕೀರ್ತಿಯೂ ಸಲ್ಲುತ್ತದೆ. ಮತ್ತು ಸಂತೇಬೆನ್ನೂರಿನ ಸೀಮೆಯ ಸೂಳೆಕೆರೆಯಿಂದ ಹೊರಟ ಹರಿದ್ರಾ ನದಿಯೇ ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ.

ಹರಿಹರವನ್ನು ಹಳೆಯ ಶಾಸನಗಳು ಕೂಡಲೂರೆಂದು ಕರೆಯುತ್ತವೆ. ಗುಹಾಸುರನೆಂಬ ದಾನವನು ಹರಿಯಿಂದಲೂ ಹರನಿಂದಲೂ ತನಗೆ ಮರಣ ಬಾರದಿರಲೆಂದು ಬ್ರಹ್ಮನಿಂದ ವರವನ್ನು ಪಡೆದು ಲೋಕಕಂಟಕನಾಗಲು, ಹರಿಹರರಿಬ್ಬರೂ ಏಕಶರೀರವನ್ನು ತಾಳಿ ಅವನನ್ನು ನಿಗ್ರಹಿಸಿದರೆಂಬ ಸ್ಥಳಪುರಾಣವು ಈ ಭಾಗದ ಮಕ್ಕಳಿಗೂ ಗೊತ್ತು. ಗರ್ಭಗೃಹದಲ್ಲಿ ನಿಂತಿರುವ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಈ ಮೂರ್ತಿಗೆ ಇಂದು ನಾವು ಕಾಣುವ ದೇಗುಲವನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವ. ಈತನು ಖಡ್ಗವನ್ನು ಹಿಡಿದಂತೆಯೇ ಲೇಖನಿಯನ್ನೂ ಹಿಡಿದವನು. ‘ಹರಿಚರಿತ್ರೆ’ ಎಂಬ ಕಾವ್ಯದ ಕರ್ತೃವೆಂದು ಕನ್ನಡ ಕವಿಗಳ ಸಾಲಿನಲ್ಲಿ ಅವನ ಹೆಸರು ಸೇರಿದೆ. ಆ ಕಾವ್ಯವು ನಮ್ಮ ಕೈಗೆ ಬಂದಿಲ್ಲ. ಓಲೆಯ ಮೇಲಿನ ಕೃತಿಯು ನಷ್ಟವಾಗಿ, ಕಲ್ಲಿನ ಕೃತಿಯು ಎಂಟುನೂರು ವರ್ಷಗಳಿಂದ ನಿಂತಿರಲು ಕಾರಣವೇನೆಂದು ವಿಚಾರಿಸಿದರೆ, ಕಲ್ಲಿನ ಗಟ್ಟಿತನವೊಂದೇ ಸಾಲದ ಉತ್ತರವಾಗುತ್ತದೆ. ಓಲೆಯನ್ನೂ ತಲೆತಲಾಂತರವಾಗಿ ಪ್ರತಿ ಮಾಡುವವರು ದೊರೆತಿದ್ದರೆ ಆ ಕಾವ್ಯ ಉಳಿಯುತ್ತಿತ್ತು. ದೇವಾಲಯಕ್ಕಾದರೋ ಅಂತಹವರು ದೊರೆತರು.

ಬೇಲೂರು ಹಳೇಬೀಡುಗಳ ಭಿತ್ತಿಗಳನ್ನು ನೋಡಿ ಬಂದ ಕಣ್ಣಿಗೆ ಹರಿಹರೇಶ್ವರ ದೇವಾಲಯವು ಮೊದಲ ನೋಟಕ್ಕೆ ಸರಳವಾಗಿ ತೋರುತ್ತದೆ. ಅಲ್ಲಿನಂತೆ ಆನೆ, ಕುದುರೆ, ಹಂಸ, ಮಕರಗಳ ಪಟ್ಟಿಕೆಗಳಾಗಲಿ, ದೇವತಾಮೂರ್ತಿಗಳ ಸಂದಣಿಯಾಗಲಿ ಇಲ್ಲಿಲ್ಲ. ಈ ಕಾರಣದಿಂದಲೇ ಪ್ರವಾಸಿಗರು ದೇವರ ದರ್ಶನ ಮಾಡಿ, ಹೊಳೆಯಲ್ಲಿ ಕಾಲು ತೊಳೆದು, ಬೇಗನೆ ಹೊರಟುಬಿಡುತ್ತಾರೆ. ಆದರೆ ಈ ಗುಡಿಯ ಸೌಂದರ್ಯವು ಗೋಡೆಯ ಮೇಲಿಲ್ಲ, ವಿಸ್ತಾರವಾದ ತೆರೆದ ಸಭಾಮಂಟಪದ ಕಂಬಗಳಲ್ಲಿದೆ. ಸುತ್ತಲೂ ಒರಗಿ ಕುಳಿತುಕೊಳ್ಳುವಂತೆ ಕಕ್ಷಾಸನವಿರುವ ಆ ಮಂಟಪದಲ್ಲಿ, ಬಿಸಿಲು ಓರೆಯಾಗಿ ಬೀಳುವ ಪ್ರಾತಃಕಾಲದಲ್ಲಾಗಲಿ ಸಂಜೆಯಲ್ಲಾಗಲಿ ಒಂದು ಕಂಬದ ಮುಂದೆ ಕುಳಿತು ಅದನ್ನು ಬುಡದಿಂದ ಬೋದಿಗೆಯವರೆಗೆ ನೋಡಬೇಕು. ಚೌಕವಾದ ಪೀಠದಿಂದ ಮೇಲೆದ್ದ ದಂಡವು ಗಂಟೆಯ ಆಕಾರಕ್ಕೆ ತಿರುಗಿ, ಅಲ್ಲಿಂದ ಒಮ್ಮೆಗೇ ಕೊರಳಿನಂತೆ ಸಣ್ಣದಾಗಿ, ಮತ್ತೆ ಕಲಶದಂತೆ ಉಬ್ಬಿ, ಅದರ ಮೇಲೆ ಚಕ್ರದಂತಹ ಅಗಲವಾದ ಫಲಕವನ್ನು ಹೊತ್ತು ನಿಲ್ಲುತ್ತದೆ. ಉಬ್ಬಿಗೂ ತಗ್ಗಿಗೂ ನಡುವೆ ನೂಲೆಳೆದಂತೆ ಹರಿತವಾದ ಏಣುಗಳು. ಆ ಏಣಿನ ಮೇಲೆ ಬೆರಳಾಡಿಸುತ್ತ ಕಂಬವನ್ನು ಒಂದು ಸುತ್ತು ಸುತ್ತಿ ಬಂದರೆ ಎಲ್ಲಿಯೂ ತಡೆ ಸಿಕ್ಕುವುದಿಲ್ಲ, ಸುತ್ತು ಎಲ್ಲಿ ಆರಂಭವಾಯಿತು, ಎಲ್ಲಿ ಮುಗಿಯಿತು ಎಂಬುದು ತಿಳಿಯುವುದಿಲ್ಲ.

ಇದು ಉಳಿಯೊಂದರಿಂದಲೇ ಆಗತಕ್ಕ ಕೆಲಸವಲ್ಲ. ಇಂತಹ ಕಂಬಗಳನ್ನು ಕಡೆದ ಕಂಬಗಳೆಂದು ಕರೆಯುತ್ತಾರೆ. ಕಲ್ಲನ್ನು ತಿರುಗಿಸುತ್ತ, ತಿರುಗುವ ಕಲ್ಲಿಗೆ ಆಯುಧವನ್ನು ಒತ್ತಿಹಿಡಿದು ರೂಪ ಕೊಡುತ್ತಿದ್ದರು. ಲಕ್ಕುಂಡಿ, ಇಟಗಿಗಳಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು ಈ ವಿದ್ಯೆಯಲ್ಲಿ ನಿಷ್ಣಾತರಾಗಿದ್ದರು. ಹೊಯ್ಸಳರ ಶಿಲ್ಪಿಗಳು ಅದನ್ನು ಮುಂದುವರಿಸಿದರು. ಬಳಪದ ಕಲ್ಲು ಗಣಿಯಿಂದ ಹೊಸದಾಗಿ ಬಂದಾಗ ಮೆತು; ಗಾಳಿ ಬಿಸಿಲುಗಳಿಗೆ ಮೈಯೊಡ್ಡಿದಂತೆ ಗಟ್ಟಿಯಾಗುತ್ತದೆ. ಆ ಗುಣವನ್ನು ಅರಿತು, ಮೆತುವಾಗಿದ್ದಾಗಲೇ ಅದನ್ನು ಕಡೆದು ಮುಗಿಸುತ್ತಿದ್ದರು. ಒಂದು ಹೆಚ್ಚಿನ ಒತ್ತು ಬಿದ್ದರೆ ಏಣು ಮುರಿಯುವುದು, ಕಂಬವೇ ವ್ಯರ್ಥವಾಗುವುದು.

ಹರಿಹರದ ಜನರಿಗೆ ಈ ವಿಚಾರವು ಬೇರೆಯವರಿಗಿಂತ ಹೆಚ್ಚು ಆಪ್ತವಾಗಬೇಕು. ಏಕೆಂದರೆ 1941ರಲ್ಲಿ ಇದೇ ಊರಿನಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಆರಂಭವಾಗಿ, ಅಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ನಾನಾ ಕಡೆಗಳ ವರ್ಕ್‌ಷಾಪುಗಳನ್ನು ಸೇರಿದುವು. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ಯಂತ್ರಪುರವೆಂಬ ಹೆಸರೇ ಆಯಿತು. ತಿರುಗಿಸಿ ಕಡೆಯುವ ವಿದ್ಯೆಯಲ್ಲಿ ಕೈಪಳಗಿದ ಕೆಲಸಗಾರರು ಸಾವಿರಾರು ಮಂದಿ ಇಲ್ಲಿ ಬಾಳಿದರು. ಹದಿಮೂರನೆಯ ಶತಮಾನದಲ್ಲಿ ಕಲ್ಲನ್ನು ಕಡೆದ ಊರಿನಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಉಕ್ಕನ್ನು ಕಡೆಯುವ ಯಂತ್ರಗಳು ಹುಟ್ಟಿದುದು ಆಕಸ್ಮಿಕವೇ ಆಗಿರಬಹುದು. ಆದರೂ ಆ ಕಾರ್ಖಾನೆಯಲ್ಲಿ ದುಡಿದ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಸಭಾಮಂಟಪದ ಕಂಬಗಳನ್ನು ಅವರಿಂದ ವಿವರಿಸಿ ಹೇಳಿಸಿದರೆ, ಕಲಾ ಇತಿಹಾಸದ ಗ್ರಂಥಗಳಲ್ಲಿ ಸಿಕ್ಕದ ಎಷ್ಟೋ ಸೂಕ್ಷ್ಮಗಳು ನಮಗೆ ತಿಳಿದಾವೆಂದು ನಾನು ದೃಢವಾಗಿ ನಂಬುತ್ತೇನೆ. ಕಾರ್ಖಾನೆಯ ಬಾಗಿಲು ಮುಚ್ಚಿ ಎರಡು ದಶಕಗಳ ಮೇಲಾಯಿತು. ಆ ಕೈಗಳು ಇರುವಾಗಲೇ ಈ ಕೆಲಸ ನಡೆಯಬೇಕು.

ಇನ್ನು ಕಾಯ್ದವರ ವಿಚಾರ. 1268ರಲ್ಲಿ, ಪೋಲಾಳ್ವನ ಕಾಲಕ್ಕೆ ನಾಲ್ಕು ದಶಕಗಳು ಕಳೆದ ಮೇಲೆ, ಮೂರನೆಯ ನರಸಿಂಹನ ದಂಡನಾಯಕನಾದ ಸೋಮನು, ಅಂದರೆ ಸೋಮನಾಥಪುರದ ಜಗತ್ಪ್ರಸಿದ್ಧವಾದ ಕೇಶವಾಲಯವನ್ನು ನಿರ್ಮಿಸಿದ ಸೋಮನೇ, ಇಲ್ಲಿ ಹೊಸ ಕಟ್ಟಡಕಾರ್ಯವನ್ನು ಮಾಡಿಸಿದನು. ಅದಾದ ಕೆಲವೇ ವರ್ಷಗಳಲ್ಲಿ ರಾಜಕೀಯವು ತಿರುಗಿತು. ಹೊಯ್ಸಳರಿಗೆ ಬದ್ಧವೈರಿಗಳಾದ ದೇವಗಿರಿಯ ಸೇವುಣರ ಪಕ್ಷದಿಂದ ಸಾಳುವ ತಿಕ್ಕಮನೆಂಬ ದಂಡನಾಯಕನು 1276ರಲ್ಲಿ ದೋರಸಮುದ್ರದವರೆಗೆ ದಂಡೆತ್ತಿ ಹೋದನು. ವೈರಿಗಳು ಕಟ್ಟಿಸಿದ ದೇಗುಲವೆಂದು ಆತನು ಹರಿಹರವನ್ನು ಉಪೇಕ್ಷಿಸಬಹುದಾಗಿತ್ತು. ಹಾಗೆ ಮಾಡದೆ ಈ ಸನ್ನಿಧಿಗೆ ನಡೆದುಕೊಂಡು, ತನ್ನ ಸೇವೆಯನ್ನೂ ಇಲ್ಲಿ ಸಲ್ಲಿಸಿದನು. ಇವರ ಗಡಿ, ಅವರ ಗಡಿ ಎಂಬ ಭೇದವು ದೇವಾಲಯದ ಹೊಸ್ತಿಲಿನ ಒಳಗೆ ನಡೆಯಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಹರಿಹರದ ಶಾಸನಗಳಲ್ಲೆಲ್ಲ ನನ್ನ ಮನಸ್ಸನ್ನು ಬಹುವಾಗಿ ಸೆಳೆದವು ದೇವಾಲಯದ ಕಟ್ಟಡಕ್ಕೆ ಸಂಬಂಧಿಸಿದವಲ್ಲ, ನೀರಿಗೆ ಸಂಬಂಧಿಸಿದ ಎರಡು ಶಾಸನಗಳು. ವಿಜಯನಗರದ ಮೊದಲನೆಯ ದೇವರಾಯನು ಆಳುತ್ತಿದ್ದಾಗ, 1410ರಲ್ಲಿ, ಹರಿದ್ರಾ ನದಿಗೆ ಅಡ್ಡಲಾಗಿ ಒಂದು ಕಟ್ಟೆಯನ್ನು ಕಟ್ಟಿ, ಅಲ್ಲಿಂದ ಹರಿಹರದವರೆಗೆ ನಾಲೆಯನ್ನು ತೋಡಿಸಲಾಯಿತು. ಆ ನಾಲೆಯ ನೀರಿನಿಂದ ಸಾಗುವಳಿಗೆ ಬರುವ ನೆಲದಲ್ಲಿ ಹರಿಹರದೇವರ ಪಾಲು ಯಾವುದು, ಕಾಲುವೆಯ ಕಾರ್ಯಕ್ಕೆ ಕೈಹಾಕಿದ ಬ್ರಾಹ್ಮಣರ ಪಾಲು ಯಾವುದು ಎಂಬ ಒಪ್ಪಂದವನ್ನು ಕಲ್ಲಿನ ಮೇಲೆಯೇ ಬರೆಸಿದರು. ಇಂದಿನ ಕರಾರುಪತ್ರಗಳಲ್ಲಿ ಕಾಣುವ ಎಚ್ಚರವೆಲ್ಲ ಅಲ್ಲಿದೆ. ಕಟ್ಟೆಯು ಬಹುಕಾಲ ನಿಲ್ಲಲಿಲ್ಲ. ಹೊಳೆಯ ರಭಸಕ್ಕೆ ಒಡೆದುಹೋಯಿತು. ನಾಲೆ ಬತ್ತಿ, ಗದ್ದೆಗಳು ಒಣಗಿ, ದೇವರ ನೈವೇದ್ಯಕ್ಕೂ ಅಗ್ರಹಾರದ ಅನ್ನಕ್ಕೂ ಒಟ್ಟಿಗೆ ಕುತ್ತು ಬಂದಿತು. ಕಟ್ಟೆಯನ್ನು ಮೊದಲು ಕಟ್ಟಿಸಿದ ಬುಲ್ಲನು ಆಗ ಸೇನಾನಾಯಕನಾದ ಚಾಮನೃಪಾಲನಲ್ಲಿಗೆ ಹೋಗಿ, ಇದನ್ನು ಮತ್ತೆ ಕಟ್ಟಿಸಿಕೊಡಬೇಕೆಂದು ಬೇಡಿಕೊಂಡನು. 1424ರ ಶಾಸನವು ಆ ಪುನರ್ನಿರ್ಮಾಣದ ವೃತ್ತಾಂತ. 

ಈ ಎರಡು ಕಲ್ಲುಗಳನ್ನು ಒಟ್ಟಿಗೆ ಓದಿದಾಗ ನಮ್ಮ ಮುಂದೆ ನಿಲ್ಲುವ ಚಿತ್ರವನ್ನು ಸ್ವಲ್ಪ ಭಾವಿಸಿ ನೋಡಬೇಕು. ತಾನು ಮಾಡಿದ ಕೆಲಸ ಕೆಟ್ಟಿತೆಂಬುದನ್ನು ಒಬ್ಬ ಧರ್ಮಾತ್ಮನು ಮುಚ್ಚಿಡಲಿಲ್ಲ. ಇನ್ನೊಬ್ಬನ ಬಾಗಿಲಿಗೆ ಹೋಗಿ ಕೈಮುಗಿಯಲು ನಾಚಲಿಲ್ಲ. ಆ ಇನ್ನೊಬ್ಬನಾದರೋ ತನ್ನ ಹೆಸರಿನಲ್ಲಿ ಬೇರೆಯೊಂದು ಹೊಸ ಕಟ್ಟೆಯನ್ನು ಹಾಕಿಸುವ ಆಸೆಗೆ ಬೀಳದೆ, ಒಡೆದುದನ್ನು ಕೂಡಿಸುವ ಕೆಲಸಕ್ಕೆ ಹಣವನ್ನು ಸುರಿದನು. ಊರಿನವರು ಕೂಡ ಕಟ್ಟಿದವನ ಕೀರ್ತಿಗೆ ಎಷ್ಟು ಕಲ್ಲನ್ನು ಮೀಸಲಿಟ್ಟರೋ, ದುರಸ್ತಿ ಮಾಡಿಸಿದವನ ಕೀರ್ತಿಗೂ ಅಷ್ಟೇ ಗೌರವದಿಂದ ಕಲ್ಲನ್ನು ನೆಡಿಸಿದರು. ಇಂದು ಉದ್ಘಾಟನೆಯ ಫಲಕಗಳು ಬೀದಿಬೀದಿಯಲ್ಲಿವೆ. ದುರಸ್ತಿಯ ಫಲಕವನ್ನು ಕಂಡವರು ವಿರಳ.

ಹರಿದ್ರೆಯ ಮೂಲವಾದ ಸೂಳೆಕೆರೆಗೆ, ಈಚಿನವರು ಶಾಂತಿಸಾಗರವೆಂದು ಕರೆಯುವ ಆ ವಿಶಾಲ ಜಲರಾಶಿಗೆ, ಬೇರೆಯೇ ಒಂದು ಉಪನ್ಯಾಸ ಬೇಕು. ಎರಡು ಗುಡ್ಡಗಳ ನಡುವಿನ ಕಣಿವೆಗೆ ಚಿಕ್ಕದೊಂದು ಏರಿಯನ್ನು ಹಾಕಿ ಸಾವಿರಾರು ಎಕರೆಗಳ ನೀರನ್ನು ತಡೆದ ಜಾಣ್ಮೆಯು ಯಾವ ಕಾಲದ ಎಂಜಿನಿಯರನಿಗೂ ಕೀರ್ತಿ ತರತಕ್ಕದ್ದು. ಶಾಂತವ್ವೆಯೆಂಬ ರಾಜಪುತ್ರಿಯು ಕೆರೆಯನ್ನು ಕಟ್ಟಿಸಲು ಹೊರಟಾಗ, ಆ ಜಾಗದಲ್ಲಿದ್ದ ವೇಶ್ಯೆಯರು ಕೆರೆಗೆ ತಮ್ಮ ಹೆಸರನ್ನೇ ಇಡಬೇಕೆಂಬ ಕರಾರಿನ ಮೇಲೆ ತಮ್ಮ ಮನೆಮಠಗಳನ್ನು ಬಿಟ್ಟುಕೊಟ್ಟರೆಂದು ಜನ ಹೇಳುತ್ತಾರೆ. ಮುಳುಗಡೆಯಾದವರ ಹೆಸರು ಕೆರೆಗೆ ನಿಂತಿರುವ ನಿದರ್ಶನವು ನಮ್ಮ ಕಾಲದ ಮಹಾ ಅಣೆಕಟ್ಟುಗಳಲ್ಲಿ ವಿರಳವೆಂಬುದನ್ನು ನೆನೆದರೆ, ಈ ಜನಪದ ಕಥೆಯ ಹಿರಿಮೆ ತಿಳಿಯುತ್ತದೆ. ಆ ಹೆಸರನ್ನು ಅಸಭ್ಯವೆಂದು ಮರೆಮಾಡಹೊರಟವರ ಸಂಕೋಚವು ನನಗೆ ಅರ್ಥವಾಗುತ್ತದೆ, ಆದರೆ ನಾನು ಅದನ್ನು ಒಪ್ಪಲಾರೆ.

ಈಗ ಸಂತೇಬೆನ್ನೂರಿಗೆ ಬರೋಣ. ವಾರದ ಸಂತೆಯ ದಿನವೊಂದನ್ನು ಬಿಟ್ಟರೆ ಗದ್ದಲವಿಲ್ಲದ ಊರು. ಸುತ್ತಲೂ ಅಡಕೆ ತೋಟ, ತೆಂಗು. ಬಸವಾಪಟ್ಟಣ, ಸಂತೇಬೆನ್ನೂರುಗಳಲ್ಲಿ ಆಳಿ ಕಡೆಗೆ ತರೀಕೆರೆಗೆ ಸರಿದ ನಾಯಕರ ಮನೆತನದಲ್ಲಿ ಹನುಮಪ್ಪನಾಯಕನೆಂಬವನು ಇಲ್ಲಿ ಅರಮನೆಯನ್ನೂ ರಂಗನಾಥನ ಗುಡಿಯನ್ನೂ ಅದರ ಮುಂದೆ ಹೊಂಡವನ್ನೂ ಕಟ್ಟಿಸಿದನು. ಊರಿನ ಮನೆಗಳ ನಡುವೆ ನಡೆಯುತ್ತ ಬಂದವನಿಗೆ ಇಂತಹದೊಂದು ಇಲ್ಲಿರಬಹುದೆಂಬ ಸುಳಿವೇ ಹತ್ತುವುದಿಲ್ಲ. ತಿರುವಿನಲ್ಲಿ ಒಮ್ಮೆಗೇ ನೆಲ ತೆರೆದು, ನಾಲ್ಕೂ ಕಡೆ ಕಣಶಿಲೆಯ ಮೆಟ್ಟಿಲು ಇಳಿದ ಚೌಕಾಕಾರದ ಪುಷ್ಕರಣಿ ಎದುರಾಗುತ್ತದೆ. ದಡಗಳಲ್ಲಿ ಗೋಪುರ ಹೊತ್ತ ಮಂಟಪಗಳು, ನೀರಿನ ನಟ್ಟನಡುವೆ ಅಂತಸ್ತಿನ ಮೇಲೆ ಅಂತಸ್ತಾಗಿ ಕಿರಿದಾಗುತ್ತ ಏರಿದ ವಸಂತಮಂಟಪ. ಕಮಾನು, ಗಾರೆ, ತುದಿಯ ಶಿಖರ, ಇವುಗಳಲ್ಲಿ ವಿಜಯನಗರದ ರೀತಿಯೂ ಬಿಜಾಪುರದ ರೀತಿಯೂ ಒಂದರಲ್ಲೊಂದು ಬೆರೆತಿವೆ. ಹೊಂಡದ ದಂಡೆಯಲ್ಲೇ ವಿಸ್ತಾರವಾದ ಕಮಾನುಗಳ ಮುಸಾಫಿರಖಾನೆ.

ಈ ಸ್ಥಳದ ಚರಿತ್ರೆ ಕಠಿಣವಾದುದು. ಅದನ್ನು ಮೃದುವಾಗಿ ಹೇಳುವುದು ಅಸತ್ಯವಾದೀತು. 1630ರ ದಶಕದಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾಖಾನನು ಈ ಸೀಮೆಯನ್ನು ಗೆದ್ದನು. ಗುಡಿಯನ್ನು ಕೆಡವಿ ಆ ಸ್ಥಳದಲ್ಲಿ ಮಸೀದಿಯನ್ನು ಎಬ್ಬಿಸಿದರೆಂದೂ, ಪದಚ್ಯುತನಾದ ನಾಯಕನು ಸಮಯ ಸಾಧಿಸಿ ಬಂದು ಅಲ್ಲಿನ ಅಧಿಕಾರಿಯನ್ನು ಕೊಂದು ಸೇಡು ತೀರಿಸಿಕೊಂಡನೆಂದೂ, ಅಂದಿನಿಂದ ಆ ಕಟ್ಟಡವು ಉಪಾಸನೆಗೆ ಬಳಕೆಯಾಗಲಿಲ್ಲವೆಂದೂ ಮೈಸೂರು ಸಂಸ್ಥಾನದ ಗ್ಯಾಸೆಟಿಯರಿನಲ್ಲಿ ದಾಖಲಾಗಿದೆ. ಎರಡು ಪಕ್ಷಗಳ ಕ್ರೋಧವೂ ಆ ಅಂಗಳದಲ್ಲಿ ಹಾಯ್ದುಹೋಯಿತು. ಇಷ್ಟಾದರೂ ಕೊಳವನ್ನು ಯಾರೂ ಹೂಳಲಿಲ್ಲ. ಗೆದ್ದವನಿಗೂ ನೀರು ಬೇಕಾಗಿತ್ತು, ಸೋತು ಮರಳಿದವನಿಗೂ ನೀರು ಬೇಕಾಗಿತ್ತು ಎಂಬ ಉತ್ತರ ಸುಲಭವಾಗಿ ನಾಲಗೆಗೆ ಬರುತ್ತದೆ. ನನಗನಿಸುವ ಮಟ್ಟಿಗೆ ಅಷ್ಟೇ ಅಲ್ಲ. ಆ ವಸಂತಮಂಟಪದ ಚೆಲುವು ಕಂಡವರ ಕೈಯನ್ನು ತಡೆದಿರಬೇಕು. ಹೊಂಡವೂ ಮುಸಾಫಿರಖಾನೆಯೂ ಇಂದು ಒಂದೇ ಸಂರಕ್ಷಿತ ಸ್ಮಾರಕವಾಗಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಪಾಲನೆಯಲ್ಲಿವೆ. ಒಂದನ್ನು ಪ್ರೀತಿಸಿ ಇನ್ನೊಂದನ್ನು ದ್ವೇಷಿಸುವವನು ಆ ಸ್ಥಳವನ್ನು ಅರ್ಧ ಮಾತ್ರ ನೋಡಿದವನು.

ಹರಿಹರದ ಮುಂದಿನ ಶತಮಾನಗಳನ್ನು ಬೇಗನೆ ಹೇಳಿಬಿಡಬಹುದು. ತರೀಕೆರೆಯ ನಾಯಕರು, ಸವಣೂರಿನ ನವಾಬರು, ಬಿದನೂರಿನ ಅರಸರು, ಮರಾಠರು, ಹೀಗೆ ಕೈಯಿಂದ ಕೈಗೆ ಹೋದ ಊರು 1763ರಲ್ಲಿ ಹೈದರಲಿಯ ವಶವಾಯಿತು. ಊರಿಗೆ ಎರಡು ಮೈಲಿ ದೂರದಲ್ಲಿ 1865ರವರೆಗೆ ದೇಶೀ ಪಡೆಯೊಂದರ ದಂಡುಪ್ರದೇಶವಿತ್ತು. 1868ರಲ್ಲಿ ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಗಾಗಿ ತುಂಗಭದ್ರೆಯ ಮೇಲೆ ಸೇತುವೆ ಮುಗಿಯಿತು: ಕಲ್ಲು ಇಟ್ಟಿಗೆಗಳ ಕೆಲಸ, ಅರವತ್ತು ಅಡಿ ಅಗಲದ 14 ದೀರ್ಘವೃತ್ತಾಕಾರದ ಕಮಾನುಗಳು, ವೆಚ್ಚ ಸುಮಾರು ಮೂರೂವರೆ ಲಕ್ಷ ರೂಪಾಯಿ. ಹೊಳೆ ತುಂಬಿದಾಗ ದಿನಗಟ್ಟಲೆ ದಡದಲ್ಲಿ ಕಾಯುತ್ತಿದ್ದ ಗಾಡಿಗಳಿಗೂ ಪ್ರಯಾಣಿಕರಿಗೂ ಅದು ಎಂತಹ ಉಪಕಾರವೆಂಬುದನ್ನು ಇಂದಿನ ನಾವು ಊಹಿಸಿಕೊಳ್ಳಬೇಕು. ದೇವಾಲಯವನ್ನು ಪಾರಂಪರಿಕ ಕಟ್ಟಡವೆಂದು ಗೌರವಿಸುವ ನಾವು ಸೇತುವೆಯನ್ನು ಹಾಗೆ ಭಾವಿಸುವುದಿಲ್ಲ. ಅದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಅದಕ್ಕಿಂತಲೂ ಹೆಚ್ಚಾಗಿ ಉಪೇಕ್ಷೆಗೆ ಗುರಿಯಾಗಿರುವುದು ನಮ್ಮ ಬಯಲುಸೀಮೆಯ ಮಾಳಿಗೆಮನೆ. ಇದಕ್ಕೆ ಕಟ್ಟಿಸಿದ ದಂಡನಾಯಕನಿಲ್ಲ, ಶಾಸನವಿಲ್ಲ, ಇಲಾಖೆಯ ನೀಲಿ ಫಲಕವೂ ಇಲ್ಲ. ದಪ್ಪನೆಯ ಮಣ್ಣುಗೋಡೆ, ತೊಲೆ ಜಂತೆಗಳ ಮೇಲೆ ಮಣ್ಣು ಹೊದಿಸಿದ ಸಮತಟ್ಟಾದ ಮಾಳಿಗೆ, ನಡುಮನೆಗೆ ಬೆಳಕಿಳಿಸುವ ಬೆಳಕಿಂಡಿ, ಬೀದಿಗೆ ಮುಖಮಾಡಿದ ಜಗಲಿ. ಚೈತ್ರ ವೈಶಾಖಗಳ ಉರಿಬಿಸಿಲಿನಲ್ಲಿಯೂ ಒಳಗೆ ತಂಪು. ಆದರೆ ಅದು ವರ್ಷಕ್ಕೊಮ್ಮೆ ಮನೆಯವರ ಸೇವೆಯನ್ನು ಕೇಳುತ್ತದೆ. ಮುಂಗಾರಿಗೆ ಮುನ್ನ ಕರಲು ಮಣ್ಣನ್ನು ಗಾಡಿಯಲ್ಲಿ ತರಿಸಿ, ಮಾಳಿಗೆಗೆ ಏರಿಸಿ, ಹೆಂಟೆಯೊಡೆದು ಹರಡಿ, ಬಿರುಕುಗಳನ್ನೆಲ್ಲ ಮುಚ್ಚಬೇಕು. ನೀರು ಹೊರಕ್ಕೆ ಬೀಳುವ ದೋಣಿಯ ಬಾಯಿಯನ್ನು ಶುಚಿ ಮಾಡಬೇಕು. ಕರಲು ಬಿದ್ದ ಮಾಳಿಗೆ ನೀರನ್ನು ಒಳಕ್ಕೆ ಬಿಡುವುದಿಲ್ಲ. ಎರಡು ವರ್ಷ ಈ ಕೆಲಸ ತಪ್ಪಿದರೆ ಜಂತೆ ನೆನೆಯುತ್ತದೆ, ನಾಲ್ಕನೆಯ ವರ್ಷಕ್ಕೆ ಗೆದ್ದಲು ಹತ್ತುತ್ತದೆ, ಆಮೇಲೆ ಗೋಡೆಯೇ ಕುಸಿಯುತ್ತದೆ. ಹರಿಹರದ ಹಳೆಯ ಓಣಿಗಳಲ್ಲಿ, ಸಂತೇಬೆನ್ನೂರಿನಲ್ಲಿ, ದಾವಣಗೆರೆಯ ಹಳೇಪೇಟೆಯಲ್ಲಿಯೂ ಇಂತಹ ಮನೆಗಳು ಬೀಳುತ್ತಿರುವುದಕ್ಕೆ ಮನೆಯ ದೌರ್ಬಲ್ಯ ಕಾರಣವಲ್ಲ; ಮಾಳಿಗೆ ಏರಿ ಕರಲು ಹಾಕುವ ಕೈಗಳು ಊರು ಬಿಟ್ಟು ಹೋದುದೇ ಕಾರಣ. ವಿದ್ಯಾನಗರದಂತಹ ಹೊಸ ಬಡಾವಣೆಯಲ್ಲಿ ಕಾಂಕ್ರೀಟಿನ ತಾರಸಿಯ ಕೆಳಗೆ ಬಾಳುವ ನಮ್ಮಲ್ಲಿ ಅನೇಕರು ಅಂತಹ ಮನೆಗಳಿಂದಲೇ ಬಂದವರು.

ಹಾಗಾದರೆ ಮಾಡತಕ್ಕದ್ದೇನು? ಸರ್ಕಾರದ ಇಲಾಖೆಗಳಿಗೆ ಮನವಿ ಬರೆಯುವುದು ಆಗಲೇ ನಡೆಯುತ್ತಿದೆ, ನಡೆಯಲಿ. ನನ್ನ ಬಿನ್ನಹ ಅದಕ್ಕಿಂತ ಚಿಕ್ಕದು. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೊಂದನೆಯ ಸಂಪುಟವು 1903ರಲ್ಲಿಯೇ ಹೊರಬಂದು, ಹರಿಹರದ ಶಾಸನಗಳ ಪಾಠವು ಅಂದಿನಿಂದ ಮುದ್ರಣದಲ್ಲಿದೆ. ಆದರೆ ಗುಡಿಯ ಅಂಗಳದಲ್ಲಿ ಆಳೆತ್ತರದ ಆ ಕಲ್ಲುಗಳ ಮುಂದೆ ನಿಂತ ಊರಿನ ಮಗುವಿಗೆ ಅವುಗಳಲ್ಲಿ ಒಂದಕ್ಷರವೂ ತಿಳಿಯದು. ಕನ್ನಡ ಬಲ್ಲ ಅಧ್ಯಾಪಕರೊಬ್ಬರೂ ಶಾಸನ ಬಲ್ಲ ವಿದ್ವಾಂಸರೊಬ್ಬರೂ ಕೂಡಿ ಕುಳಿತರೆ ಒಂದು ಬೇಸಗೆಯ ರಜೆಯಲ್ಲಿ ಮುಖ್ಯವಾದ ಕೆಲವು ಶಾಸನಗಳ ಸಾರವನ್ನು ತಿಳಿಗನ್ನಡಕ್ಕೆ ತರಬಹುದು. ಈ ಉಪನ್ಯಾಸವನ್ನು ನಡೆಸುವ ದತ್ತಿಯ ಬಡ್ಡಿಯಲ್ಲಿ ಉಪನ್ಯಾಸಕಾರನಿಗೆಂದು ಇಂದು ಎತ್ತಿಟ್ಟಿರುವ ಗೌರವಧನವನ್ನು ನಾನು ಆ ಕೆಲಸಕ್ಕೆಂದೇ ಸಮಿತಿಗೆ ಹಿಂದಿರುಗಿಸುತ್ತಿದ್ದೇನೆ. ಮೊದಲು 1410ರ ಒಪ್ಪಂದವನ್ನೂ 1424ರ ದುರಸ್ತಿಯನ್ನೂ ತೆಗೆದುಕೊಳ್ಳಿರಿ. ಸಿದ್ಧವಾದ ಪಾಠವನ್ನು ಹರಿಹರದ ಶಾಲೆಗಳಿಗೆ ಹಂಚಿ, ಇಲಾಖೆಯ ಅನುಮತಿಯನ್ನು ಪಡೆದು ಅಂಗಳದಲ್ಲಿ ಒಂದು ಫಲಕವನ್ನು ಇಡಿಸಿರಿ. ಪೋಲಾಳ್ವನ 1224ರ ಶಾಸನವು ದೀರ್ಘವಾದುದು, ಅದಕ್ಕೆ ಹೆಚ್ಚಿನ ಕಾಲ ಬೇಕಾದೀತು. ಅದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದು.